ಇಳಿಯಿತೋ, ಇಳಿಸಿಕೊಂಡಿತೋ: 25 ಡಿಗ್ರಿಯ ಇಲಿಯ ಪ್ರಕರಣ

ಎರಡು ಇಲಿಗಳಿವೆ ಎಂದುಕೊಳ್ಳಿ. ಎರಡರ ಮೈಯೊಳಗಿನ ಉಷ್ಣತೆಯೂ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ಮೊದಲನೆಯದಕ್ಕೆ ಆಹಾರ ಹಾಕಿಲ್ಲ. ಎರಡನೆಯದಕ್ಕೆ ಒಂದು ಚುಚ್ಚುಮದ್ದು ಕೊಟ್ಟಿದ್ದಾರೆ. ಎರಡೂ ಮುದುಡಿಕೊಂಡು ಮಿಸುಕಾಡದೆ ಬಿದ್ದಿವೆ, ಮುಟ್ಟಿದರೆ ತಣ್ಣಗಿವೆ. ಕೆಲವು ಗಂಟೆ ಕಳೆದರೆ ಎರಡೂ ತಾವಾಗಿಯೇ ಬೆಚ್ಚಗಾಗಿ ಓಡಾಡುತ್ತವೆ. ಉಷ್ಣಮಾಪಕವೊಂದನ್ನೇ ನಂಬುವವರಿಗೆ ಇವೆರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಎರಡೂ ಸ್ಥಿತಿಗಳಿಗೆ ಒಂದೇ ಹೆಸರು ಇಡಬಹುದೇ?

ಇಡಬಹುದು ಎಂದಿತು 2006ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ. ಕೂಡದು ಎಂದಿತು 2007ರಲ್ಲಿ ಅಮೆರಿಕದ ಶರೀರಕ್ರಿಯಾವಿಜ್ಞಾನದ ನಿಯತಕಾಲಿಕದಲ್ಲಿ ಬಂದ ಇನ್ನೊಂದು. ಎರಡನೆಯದರ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ಇಷ್ಟೇ: ‘ಎಎಂಪಿ ಟಾರ್ಪರ್ ಉಂಟುಮಾಡುವುದಿಲ್ಲ’. ಎಎಂಪಿ ಎಂದರೆ ಎರಡನೆಯ ಇಲಿಗೆ ಚುಚ್ಚಿದ ವಸ್ತು, ಟಾರ್ಪರ್ ಎಂದರೆ ಉಪವಾಸದ ಇಲಿಯ ಆ ತಣ್ಣನೆಯ ಸ್ಥಿತಿ. ವಿಜ್ಞಾನ ಪ್ರಬಂಧಗಳ ಶೀರ್ಷಿಕೆಗಳು ಸಾಮಾನ್ಯವಾಗಿ ತಗ್ಗಿ ಬಗ್ಗಿ ನಡೆಯುತ್ತವೆ, ‘ಪಾತ್ರ’, ‘ಸಾಧ್ಯತೆ’, ‘ಸಂಬಂಧ’ ಎಂಬ ಮೆತ್ತನೆಯ ಪದಗಳ ಮರೆಯಲ್ಲಿ ಮಾತಾಡುತ್ತವೆ. ಇದು ಮಾತ್ರ ಬಾಗಿಲಿಗೆ ಬಡಿದ ನೋಟಿಸಿನಂತಿದೆ. ಜಗಳ ಇಲಿಯ ಬಗ್ಗೆ ಅಲ್ಲ, ಅಳತೆಯ ಬಗ್ಗೆಯೂ ಅಲ್ಲ. ಒಂದು ಪದದ ಬಗ್ಗೆ.

ನಾನು ವಿಜ್ಞಾನ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಈ ಪ್ರಕರಣವನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ ನನ್ನ ಮೊದಲ ಕರಡಿನಲ್ಲಿ ಮೂರು ತಪ್ಪುಗಳಿದ್ದವು. ಮೂರೂ ಪದಗಳ ತಪ್ಪುಗಳೇ. ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಇಲಿಯ ಮೈಯ ಲೆಕ್ಕಾಚಾರ ತಿಳಿದಿರಬೇಕು.

ಪ್ರಯೋಗಾಲಯದ ಇಲಿ 20ರಿಂದ 30 ಗ್ರಾಂ ತೂಗುತ್ತದೆ. ಎಚ್ಚರವಾಗಿದ್ದಾಗ ಅದರ ಮೈ ನಮ್ಮ ಮೈಯಷ್ಟೇ ಬೆಚ್ಚಗೆ, 36ರಿಂದ 37 ಡಿಗ್ರಿ ಇರುತ್ತದೆ. ಆದರೆ ಅಷ್ಟು ಬೆಚ್ಚಗಿರಲು ಅದು ತೆರುವ ಬೆಲೆ ಬಹಳ ಹೆಚ್ಚು. ಅಗಲ ತಟ್ಟೆಯಲ್ಲಿ ದೊಡ್ಡ ರಾಗಿ ಮುದ್ದೆಯನ್ನೂ ಪಕ್ಕದಲ್ಲಿ ಗೋಲಿಯಷ್ಟು ತುತ್ತನ್ನೂ ಇಟ್ಟು ನೋಡಿ. ಮುದ್ದೆಯ ನಡುಭಾಗ ಇನ್ನೂ ಬಾಯಿ ಸುಡುತ್ತಿರುವಾಗಲೇ ತುತ್ತು ಆರಿಹೋಗಿರುತ್ತದೆ. ಗಾತ್ರ ಕಿರಿದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಹೊರಮೈ ಹೆಚ್ಚಾದಷ್ಟೂ ಶಾಖದ ಸೋರಿಕೆ ಹೆಚ್ಚು. ಇಲಿಯ ಹೃದಯ ನಿಮಿಷಕ್ಕೆ ಐನೂರು, ಆರುನೂರು ಬಾರಿ ಬಡಿಯುವುದು ಈ ಸೋರಿಕೆಯನ್ನು ತುಂಬಿಕೊಡಬೇಕಾದ ದುಡಿಮೆಯಿಂದ. ಹೆಚ್ಚುವರಿ ಶ್ರಮವಿಲ್ಲದೆ ಅದು ಬೆಚ್ಚಗಿರಬಲ್ಲದ್ದು ಸುತ್ತಲಿನ ಗಾಳಿ ಸುಮಾರು 30 ಡಿಗ್ರಿ ಇದ್ದಾಗ ಮಾತ್ರ. ಪ್ರಯೋಗಾಲಯದ ಕೋಣೆಗಳನ್ನು 20ರಿಂದ 24 ಡಿಗ್ರಿಯಲ್ಲಿ ಇಡುವುದು ವಾಡಿಕೆ, ಏಕೆಂದರೆ ಅಂಗಿ ತೊಟ್ಟು ಕೆಲಸ ಮಾಡುವ ಮನುಷ್ಯರಿಗೆ ಅದು ಹಿತ. ಅಲ್ಲಿನ ಇಲಿಗೆ ಅದು ಬಿಡುವಿಲ್ಲದ ಚಳಿ.

ಇಂಥ ಚಳಿಯಲ್ಲಿರುವ ಇಲಿಗೆ ಆಹಾರವನ್ನೂ ನಿಲ್ಲಿಸಿದರೆ ಅದು ಒಂದು ವಿಚಿತ್ರ ಮಿತವ್ಯಯಕ್ಕೆ ಇಳಿಯುತ್ತದೆ. ಉಪವಾಸದ ಕೆಲವು ಗಂಟೆಗಳ ಬಳಿಕ ಆಮ್ಲಜನಕದ ಬಳಕೆಯನ್ನು ಕಡಿತಗೊಳಿಸುತ್ತದೆ, ಹೃದಯದ ಬಡಿತವನ್ನು ತಗ್ಗಿಸುತ್ತದೆ, ಆ ಹಿಂದೆಯೇ ಮೈಯ ಉಷ್ಣತೆ 30ಕ್ಕಿಂತ ಕೆಳಗೆ, ಕೆಲವೊಮ್ಮೆ 25ರವರೆಗೆ ಹೋಗುತ್ತದೆ. ಗಂಟೆಗಳು ಕಳೆದ ಮೇಲೆ ಬೆನ್ನಿನ ಮೇಲ್ಭಾಗದಲ್ಲಿರುವ ಕಂದು ಕೊಬ್ಬನ್ನು ಉರಿಸಿಕೊಂಡು, ನಡುಗಿಕೊಂಡು ತಾನೇ ಮತ್ತೆ 37ಕ್ಕೆ ಏರುತ್ತದೆ. ಯಾರೂ ಕಾಯಿಸಬೇಕಾಗಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಟಾರ್ಪರ್. ಚಳಿಗಾಲವಿಡೀ ಬಿಲದಲ್ಲಿ ಮಲಗುವ ನೆಲ ಅಳಿಲುಗಳದ್ದು ಇದರ ದೀರ್ಘ, ಆಳವಾದ ರೂಪ. ಉತ್ತರ ಧ್ರುವದ ಬಳಿಯ ನೆಲ ಅಳಿಲಿನ ಒಳಮೈ ಸೊನ್ನೆಗಿಂತಲೂ ಕೆಳಗಿಳಿಯುವುದನ್ನು 1989ರಲ್ಲೇ ಅಳೆದಿದ್ದಾರೆ. ಇಲಿಗೆ ಅಷ್ಟು ಸಾಮರ್ಥ್ಯವಿಲ್ಲ. ಅದರದು ಗಂಟೆಗಳ ವ್ಯವಹಾರ.

ಈಗ ಪ್ರಕರಣಕ್ಕೆ ಬರೋಣ. ಹ್ಯೂಸ್ಟನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಚೆಂಗ್ ಚಿ ಲೀ ಅವರ ತಂಡ ಇಲಿಗಳನ್ನು ನಿರಂತರ ಕತ್ತಲಿನಲ್ಲಿ ಇರಿಸಿತ್ತು. ಅವರ ಆಸಕ್ತಿ ಇದ್ದದ್ದು ದೇಹದ ದೈನಿಕ ಗಡಿಯಾರದಲ್ಲಿ. ಕತ್ತಲಿನ ಇಲಿಗಳಲ್ಲಿ ಕೊಬ್ಬನ್ನು ಕರಗಿಸುವ ಕೆಲವು ಜೀನ್‌ಗಳು, ಸಾಮಾನ್ಯವಾಗಿ ಸುಮ್ಮನಿರುವ ಅಂಗಗಳಲ್ಲಿಯೂ ಎಚ್ಚರಗೊಂಡಿದ್ದವು. ರಕ್ತದಲ್ಲಿ ಎಎಂಪಿ ಎಂಬ ಸಣ್ಣ ಅಣುವಿನ ಪ್ರಮಾಣ ಏರಿತ್ತು. ಜೀವಕೋಶಗಳ ಶಕ್ತಿಯ ನಾಣ್ಯ ಎಂದು ಶಾಲೆಯಲ್ಲಿ ಓದಿದ ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳಿರುತ್ತವೆ. ಒಂದು ಕಳಚಿದರೆ ಎಡಿಪಿ, ಎರಡು ಕಳಚಿದರೆ ಎಎಂಪಿ. ಅಂದರೆ ಖರ್ಚಾಗಿ ಉಳಿದ ಚಿಲ್ಲರೆ. ಬೆಳಕು, ಕತ್ತಲು ಎರಡನ್ನೂ ಕಂಡು ಮಾಮೂಲಾಗಿ ಬದುಕುತ್ತಿದ್ದ ಇಲಿಗಳಿಗೆ ಈ ಎಎಂಪಿಯನ್ನು ಚುಚ್ಚಿದಾಗ ಅವುಗಳ ಮೈ ತಣ್ಣಗಾಯಿತು. ತಂಡ ಅದನ್ನು ಬರೆದದ್ದು ಹೀಗೆ: ಕೃತಕ ಎಎಂಪಿ ಟಾರ್ಪರನ್ನು ಉಂಟುಮಾಡಿತು.

ನೋಡಲು ಸರಳವಾದ ವಾಕ್ಯ. ಇದರಲ್ಲಿ ತಪ್ಪು ಹುಡುಕಬೇಕೆಂದು ಮೊದಲ ಓದಿಗೆ ಯಾರಿಗೂ ಅನಿಸುವುದಿಲ್ಲ. ನನಗೂ ಅನಿಸಲಿಲ್ಲ. ಇಲಿ ತಣ್ಣಗಾಯಿತು, ಮತ್ತೆ ಬೆಚ್ಚಗಾಯಿತು, ಬದುಕಿತು. ಉಪವಾಸದ ಇಲಿಯಂತೆಯೇ ಕಂಡಿತು. ಇನ್ನೇನು ಬೇಕು?

ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನ ಸ್ಟೀವನ್ ಸ್ವೋಪ್ ಮತ್ತು ಸಂಗಡಿಗರಿಗೆ ಇನ್ನೂ ಏನೋ ಬೇಕಿತ್ತು. ಅವರು ಎರಡೂ ಇಲಿಗಳನ್ನು ಅಕ್ಕಪಕ್ಕ ಇಟ್ಟರು. ಒಂದೇ ಒಂದು ಅಂಕಿಯನ್ನು, ಅಂದರೆ ಉಷ್ಣತೆ ತಲುಪಿದ ತಳವನ್ನು ಮಾತ್ರ ನೋಡಿದ್ದರೆ ಹ್ಯೂಸ್ಟನ್ ತಂಡವೇ ಗೆಲ್ಲುತ್ತಿತ್ತು. ಎಎಂಪಿ ಚುಚ್ಚಿದ ಇಲಿಗಳು ಸರಾಸರಿ 25.2 ಡಿಗ್ರಿಗೆ ಇಳಿದವು, ಉಪವಾಸದ ಇಲಿಗಳು 24.9ಕ್ಕೆ. ಇವೆರಡರ ನಡುವೆ ಕೂದಲೆಳೆಯ ಅಂತರ.

ಆದರೆ ಅವರು ತಳವನ್ನಷ್ಟೇ ಅಲ್ಲ, ದಾರಿಯನ್ನೂ ಅಳೆದರು. ಉಪವಾಸದ ಇಲಿ ತಣ್ಣಗಾದ ಗರಿಷ್ಠ ವೇಗ ನಿಮಿಷಕ್ಕೆ 0.13 ಡಿಗ್ರಿ, ಚುಚ್ಚುಮದ್ದಿನ ಇಲಿಯದು 0.24, ಹೆಚ್ಚುಕಡಿಮೆ ಎರಡು ಪಟ್ಟು. ಹೃದಯದ ಬಡಿತದಲ್ಲಂತೂ ಅಂತರ ಇನ್ನೂ ಎದ್ದುಕಾಣುತ್ತಿತ್ತು. ಉಪವಾಸದ ಇಲಿಯ ಹೃದಯ 646ರಿಂದ 294ಕ್ಕೆ ಇಳಿಯಲು 35 ನಿಮಿಷ ತೆಗೆದುಕೊಂಡಿತು. ಎಎಂಪಿ ಚುಚ್ಚಿದ ಇಲಿಯ ಹೃದಯ 755ರಿಂದ 268ಕ್ಕೆ ಬಿದ್ದದ್ದು ಒಂದೇ ನಿಮಿಷದೊಳಗೆ. ಒಬ್ಬರು ಮಹಡಿಯಿಂದ ಮೆಟ್ಟಿಲಿಳಿದು ಬಂದರು, ಇನ್ನೊಬ್ಬರು ಮಹಡಿಯಿಂದ ಬಿದ್ದರು. ಇಬ್ಬರೂ ಈಗ ಅಂಗಳದಲ್ಲಿದ್ದಾರೆ ಎಂಬುದು ನಿಜವೇ. ಆದರೆ ‘ಇಬ್ಬರೂ ಕೆಳಗಿಳಿದರು’ ಎಂದು ಬರೆಯುವ ವರದಿಗಾರನನ್ನು ಯಾರೂ ಕ್ಷಮಿಸುವುದಿಲ್ಲ.

ಇನ್ನೆರಡು ಸಾಕ್ಷ್ಯಗಳೂ ಇದ್ದವು. ಎಎಂಪಿಯೇ ಟಾರ್ಪರಿನ ವಿಶೇಷ ಸಂಕೇತವಾಗಿದ್ದರೆ ಅದರ ಅಣ್ಣಂದಿರಾದ ಎಡಿಪಿ, ಎಟಿಪಿಗಳು ಆ ಕೆಲಸ ಮಾಡಬಾರದಿತ್ತು. ಮಾಡಿದವು. ಎಡಿಪಿ 24.8 ಡಿಗ್ರಿಗೆ, ಎಟಿಪಿ 24.0 ಡಿಗ್ರಿಗೆ ಇಳಿಸಿತು. ಖರ್ಚಾದ ಚಿಲ್ಲರೆಯೂ ಖರ್ಚಾಗದ ನೋಟೂ ಒಂದೇ ಸುದ್ದಿ ಹೇಳಿದರೆ ಆ ಸುದ್ದಿಗೆ ಅರ್ಥವೇನು? ಇನ್ನೊಂದು, ಎಎಂಪಿಯಲ್ಲಿ ಉಳಿದ ಫಾಸ್ಫೇಟೂ ಕಳಚಿದರೆ ಸಿಗುವ ಅಡೆನೊಸಿನ್ ಎಂಬ ಅಣುವನ್ನು ಗ್ರಹಿಸುವ ಗ್ರಾಹಕಗಳನ್ನು ಮೊದಲೇ ಔಷಧಿಯಿಂದ ಮುಚ್ಚಿಟ್ಟು ಎಎಂಪಿ ಚುಚ್ಚಿದಾಗ ಮೈ ಅಷ್ಟಾಗಿ ತಣ್ಣಗಾಗಲಿಲ್ಲ. ಅಂದರೆ ಚುಚ್ಚಿದ ವಸ್ತು ಅಡೆನೊಸಿನ್ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತಿತ್ತು. ಹೃದಯ ಮಿತಿಮೀರಿ ಓಡುವ ಕೆಲವು ರೋಗಿಗಳಿಗೆ ತುರ್ತು ಚಿಕಿತ್ಸೆಯಲ್ಲಿ ವೈದ್ಯರು ಅಡೆನೊಸಿನ್ ಚುಚ್ಚುತ್ತಾರೆ, ಹೃದಯ ಕೆಲವು ಕ್ಷಣ ತಡೆದು ಲಯಕ್ಕೆ ಮರಳುತ್ತದೆ. ಒಂದು ನಿಮಿಷದೊಳಗೆ ಇಲಿಯ ಹೃದಯ ಕುಸಿದದ್ದರಲ್ಲಿ ಆ ದೃಷ್ಟಿಯಿಂದ ಅಚ್ಚರಿಯಿಲ್ಲ.

ಸ್ವೋಪ್ ತಂಡದ ತೀರ್ಮಾನ: ಇದು ವಾಪಸ್ ಬರಬಹುದಾದ ಹೈಪೊಥರ್ಮಿಯಾ, ಉಪವಾಸದ ಟಾರ್ಪರಿಗೂ ಇದಕ್ಕೂ ಸಂಬಂಧವಿಲ್ಲ.

ಹೈಪೊಥರ್ಮಿಯಾ ಮತ್ತು ಟಾರ್ಪರ್ ಎಂಬ ಈ ಎರಡು ಪದಗಳ ನಡುವೆ ಇರುವುದು ಬರಿಯ ರುಚಿಭೇದವಲ್ಲ. ಹೈಪೊಥರ್ಮಿಯಾ ಒಂದು ಅಳತೆಯ ಹೆಸರು: ಮೈಯ ಉಷ್ಣತೆ ಇರಬೇಕಾದುದಕ್ಕಿಂತ ಕಡಿಮೆ ಇದೆ. ಹಿಮದಲ್ಲಿ ಸಿಕ್ಕಿಬಿದ್ದ ಚಾರಣಿಗನಿಗೂ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರಿವಳಿಕೆಯಲ್ಲಿರುವ ರೋಗಿಗೂ ಅದು ಹೊಂದುತ್ತದೆ. ಏಕೆ, ಹೇಗೆ ಎಂಬ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಟಾರ್ಪರ್ ಎಂಬುದು ಹಾಗಲ್ಲ, ಅದು ಒಂದು ಕೃತ್ಯದ ಹೆಸರು. ಪ್ರಾಣಿ ತಾನೇ, ತನ್ನ ಒಳಿತಿಗಾಗಿ, ಒಂದು ಕ್ರಮದಲ್ಲಿ ತನ್ನ ಉರಿಯನ್ನು ತಗ್ಗಿಸಿತು ಎಂಬ ಆರೋಪ, ಅಥವಾ ಹೊಗಳಿಕೆ, ಅದರೊಳಗೆ ಅಡಗಿದೆ. ಚಳಿಗೆ ಸಿಕ್ಕ ಪ್ರಾಣಿ ಮೊದಲು ಹೋರಾಡುತ್ತದೆ: ನಡುಗುತ್ತದೆ, ಇಂಧನವನ್ನು ಇನ್ನೂ ಹೆಚ್ಚು ಸುಡುತ್ತದೆ, ಸೋತ ಮೇಲೆ ತಣ್ಣಗಾಗುತ್ತದೆ. ಟಾರ್ಪರಿಗೆ ಹೋಗುವ ಪ್ರಾಣಿಯಲ್ಲಿ ಮೊದಲು ಉರಿ ತಗ್ಗುತ್ತದೆ, ಮೈ ಆಮೇಲೆ ತಣ್ಣಗಾಗುತ್ತದೆ. ಉಷ್ಣತೆ ಇಲ್ಲಿ ಕಾರಣವಲ್ಲ, ಪರಿಣಾಮ. 2007ರ ಪ್ರಬಂಧ ತನ್ನ ಮೊದಲ ವಾಕ್ಯದಲ್ಲೇ ಟಾರ್ಪರನ್ನು ವಿವರಿಸಲು ವಾದ್ಯವೃಂದದಿಂದ ಬಂದ ಒಂದು ವಿಶೇಷಣವನ್ನು ಬಳಸಿತ್ತು. ನಾನು ಮೊದಲು ‘ಸುಸಂಘಟಿತ’ ಎಂದು ಬರೆದೆ. ಸಹಕಾರ ಸಂಘದ ವಾರ್ಷಿಕ ವರದಿಯಂತೆ ಕೇಳಿಸಿತು. ಆಮೇಲೆ ‘ಮೇಳೈಸಿದ’ ಎಂದು ತಿದ್ದಿದೆ.

ಇಷ್ಟು ಹೇಳಿ ನನ್ನ ತಪ್ಪುಗಳಿಗೆ ಬರುತ್ತೇನೆ.

ಕರಡಿನ ಮೊದಲ ಸಾಲಿನಲ್ಲಿ ನಾನು ‘ಇಲಿಯ ಮೈ ತಣ್ಣಗಾಯಿತು’ ಎಂದು ಬರೆದಿದ್ದೆ. ಹಾಳೆಯನ್ನು ಊಟದ ಮೇಜಿನ ಮೇಲೆ ಬಿಟ್ಟು ಎದ್ದಿದ್ದೆ. ಅಮ್ಮ ಕನ್ನಡಕ ಏರಿಸಿ ಎರಡು ಸಾಲು ಓದಿ, “ಪಾಪ, ಸತ್ತುಹೋಯಿತೇನಪ್ಪ?” ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹಾಸಿಗೆ ಹಿಡಿದವರ ಬಗ್ಗೆ ‘ಮೈ ತಣ್ಣಗಾಗಿದೆ’ ಎಂದರೆ ಕನ್ನಡದಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಅದೇ ‘ಹೊಟ್ಟೆ ತಣ್ಣಗಿರಲಿ’ ಎಂದರೆ ಹರಕೆ. ‘ಮೈ ಬೆಚ್ಚಗಿದೆ’ ಎಂದರೆ ಇನ್ನೂ ಜ್ವರವಲ್ಲ, ಆದರೆ ಇವತ್ತು ಶಾಲೆಗೆ ಕಳಿಸುವುದು ಬೇಡ. ‘ಉಷ್ಣವಾಗಿದೆ’ ಎಂದರೆ ಉಷ್ಣಮಾಪಕಕ್ಕೆ ಅಲ್ಲಿ ಕೆಲಸವೇ ಇಲ್ಲ, ಎಳನೀರು ಕುಡಿಯಬೇಕು. ನಮ್ಮ ಭಾಷೆಯಲ್ಲಿ ಮೈಯ ಬಿಸಿಗೆ ಪದಗಳ ಬಡತನವಿಲ್ಲ. ಪ್ರತಿಯೊಂದು ಪದವೂ ತನ್ನ ಜೊತೆಗೆ ಒಂದು ರೋಗನಿರ್ಣಯವನ್ನು ಕಟ್ಟಿಕೊಂಡು ಬರುತ್ತದೆ ಎಂಬುದೇ ತೊಡಕು. ‘ತಣ್ಣಗಾಯಿತು’ ಹೋಗಿ ‘ದೇಹದ ಉಷ್ಣತೆ 25 ಡಿಗ್ರಿಗೆ ಇಳಿಯಿತು’ ಬಂತು. ಸ್ವಲ್ಪ ಸಪ್ಪೆ, ಆದರೆ ಇಲಿ ಬದುಕಿತು.

ಎರಡನೆಯ ತಪ್ಪು ಈ ‘ಇಳಿಯಿತು’ ಎಂಬುದರಲ್ಲೇ ಇತ್ತು. ಅದನ್ನು ನಾನು ಎರಡೂ ಇಲಿಗಳಿಗೆ ಬಳಸಿದ್ದೆ. ಮೂರನೆಯ ಸಲ ಓದುವಾಗ ಹೊಳೆಯಿತು: ಇಂಗ್ಲಿಷಿನವರು ನಾಮಪದಗಳನ್ನು ಹಿಡಿದು ಹೊಡೆದಾಡಿದ ಜಗಳವನ್ನು ಕನ್ನಡ ಕ್ರಿಯಾಪದದಲ್ಲೇ ತೀರಿಸಬಹುದು. ಇಳಿಯಿತು, ಇಳಿಸಿತು, ಇಳಿಸಿಕೊಂಡಿತು. ಹಿಮದಲ್ಲಿ ಸಿಕ್ಕಿದ ಪ್ರಾಣಿಯ ಉಷ್ಣತೆ ಇಳಿಯಿತು. ಎಎಂಪಿ ಇಲಿಯ ಉಷ್ಣತೆಯನ್ನು ಇಳಿಸಿತು. ಉಪವಾಸದ ಇಲಿ ತನ್ನ ಉಷ್ಣತೆಯನ್ನು ಇಳಿಸಿಕೊಂಡಿತು. ಆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಮಾಡುವ ಕೆಲಸವನ್ನು ನೋಡಿ: ಮಾಡಿದವರೂ ಅವರೇ, ಫಲ ಪಡೆದವರೂ ಅವರೇ. ‘ಅಡುಗೆ ಮಾಡಿದ’ ಎಂಬುದಕ್ಕೂ ‘ಅಡುಗೆ ಮಾಡಿಕೊಂಡ’ ಎಂಬುದಕ್ಕೂ ಇರುವ ಅಂತರವನ್ನು ಐದು ವರ್ಷದ ಮಗುವಿಗೂ ಯಾರೂ ವಿವರಿಸಬೇಕಾಗಿಲ್ಲ. ಸ್ವೋಪ್ ತಂಡದ ಇಡೀ ಪ್ರಬಂಧ ಹೇಳುವುದು ಇಷ್ಟನ್ನೇ: ಹ್ಯೂಸ್ಟನ್ನಿನ ಇಲಿಗೆ ‘ಕೊಳ್ಳು’ ಸೇರಿಸಬೇಡಿ.

ಈ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ‘ಇಳಿಸಿಕೊಂಡಿತು’ ಎಂದರೆ ಇಲಿ ಕುಳಿತು ಯೋಚಿಸಿ ತೀರ್ಮಾನಿಸಿತು ಎಂಬ ಧ್ವನಿಯೂ ಬರುತ್ತದೆ ಎಂದು ಹಸ್ತಪ್ರತಿ ತಿದ್ದುವ ಗೆಳೆಯರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ‘ಬಾಳೆಲೆ ಸುರುಳಿ ಸುತ್ತಿಕೊಂಡಿತು’, ‘ಗಾಯ ಒಣಗಿಕೊಂಡಿತು’ ಎನ್ನುವಾಗ ಬಾಳೆಲೆಯೂ ಗಾಯವೂ ಸಭೆ ಸೇರಿ ನಿರ್ಣಯ ಮಾಡುವುದಿಲ್ಲ. ‘ಕೊಳ್ಳು’ ಹೇಳುವುದು ಬುದ್ಧಿಯನ್ನಲ್ಲ, ಒಡೆತನವನ್ನು. ಇನ್ನೂ ಒಪ್ಪುವುದಿಲ್ಲ.

ಮೂರನೆಯ ತಪ್ಪು ಶೀರ್ಷಿಕೆಯಲ್ಲಿತ್ತು. ‘ಇಲಿಗೆ ಶಿಶಿರನಿದ್ರೆ ಬರಿಸಿದ ಚುಚ್ಚುಮದ್ದು’. ಹೈಬರ್ನೇಷನ್ ಎಂಬುದಕ್ಕೆ ಶಿಶಿರನಿದ್ರೆ, ಚಳಿಗಾಲದ ನಿದ್ದೆ ಎಂಬ ಕನ್ನಡ ರೂಪಗಳು ಬಳಕೆಯಲ್ಲಿವೆ. ಲ್ಯಾಟಿನ್ ಮೂಲದ ಆ ಇಂಗ್ಲಿಷ್ ಪದದಲ್ಲಿ ಇರುವುದು ಚಳಿಗಾಲ ಮಾತ್ರ, ನಿದ್ದೆ ಇಲ್ಲ. ಜರ್ಮನ್ನರು ಮತ್ತು ಜಪಾನೀಯರು ತಮ್ಮ ಪದಗಳಲ್ಲಿ ನಿದ್ದೆಯನ್ನು ಸೇರಿಸಿದ್ದಾರೆ, ನಾವೂ ಸೇರಿಸಿದ್ದೇವೆ. ಸೇರಿಸಿ ತೊಂದರೆಗೆ ಸಿಕ್ಕಿಕೊಂಡಿದ್ದೇವೆ. ಏಕೆಂದರೆ ಅದು ನಿದ್ದೆಯಲ್ಲ. ಶಿಶಿರನಿದ್ರೆಯಲ್ಲಿರುವ ನೆಲ ಅಳಿಲುಗಳು ಕೆಲವು ದಿನ ಅಥವಾ ವಾರಗಳಿಗೊಮ್ಮೆ ಬಹಳಷ್ಟು ಕೊಬ್ಬು ಸುಟ್ಟು ಮೈ ಕಾಯಿಸಿಕೊಂಡು ಎಚ್ಚರಗೊಳ್ಳುತ್ತವೆ. ಎಚ್ಚರಗೊಂಡು ಮಾಡುವುದೇನು? ಆ ಹೊತ್ತಿನ ಬಹುಭಾಗ ನಿದ್ದೆ. 1991ರಲ್ಲಿ ಈ ಸಂಗತಿಯನ್ನು ವರದಿ ಮಾಡಿದವರು ನಿದ್ದೆಗಾಗಿ ಮೈ ಕಾಯಿಸಿಕೊಳ್ಳುತ್ತವೆಯೇ ಎಂದು ಶೀರ್ಷಿಕೆಯಲ್ಲೇ ಕೇಳಿದ್ದರು. ಶಿಶಿರನಿದ್ರೆಯಿಂದ ಎದ್ದು ನಿದ್ದೆ ಮಾಡುವ ಪ್ರಾಣಿಯ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರ ಪಾಡನ್ನು ಊಹಿಸಿಕೊಳ್ಳಿ.

ಹಾಗಾದರೆ ಟಾರ್ಪರಿಗೆ ಕನ್ನಡದಲ್ಲಿ ಏನೆನ್ನಬೇಕು? ಜೋಂಪು, ಮಂಪರು ಎರಡೂ ಸುಂದರ ಪದಗಳು, ಎರಡೂ ನಿದ್ದೆಯ ಅಂಚಿನವು, ಆದ್ದರಿಂದ ಬೇಡ. ಜೋಮು ಕಾಲಿಗೆ ಹಿಡಿಯುವುದು. ಜಾಡ್ಯ ಎಂದರೆ ಕಾಯಿಲೆ. ಜಡತೆ ಎಂದರೆ ಸೋಮಾರಿತನದ ಆರೋಪ, ಅಲ್ಲದೆ ಭೌತಶಾಸ್ತ್ರದವರು ಅದನ್ನು ನ್ಯೂಟನ್ನನ ನಿಯಮಕ್ಕೆ ಮೊದಲೇ ಬರೆಸಿಕೊಂಡಿದ್ದಾರೆ. ಒಂದು ರಾತ್ರಿ ಬೂದಿ ಮುಚ್ಚಿದ ಕೆಂಡ ನೆನಪಾಯಿತು. ಸೌದೆ ಒಲೆಯ ಕಾಲದಲ್ಲಿ ಮಲಗುವ ಮುನ್ನ ಕೆಂಡದ ಮೇಲೆ ಬೂದಿ ಎಳೆದಿಟ್ಟರೆ ಬೆಳಿಗ್ಗೆ ಊದಿ ಉರಿ ಎಬ್ಬಿಸಬಹುದಿತ್ತು. ಬೆಂಕಿ ಆರಿಲ್ಲ, ಉರಿಯುತ್ತಲೂ ಇಲ್ಲ, ಮುಂಜಾನೆಗೆಂದು ಉಳಿಸಿಟ್ಟದ್ದು. ಟಾರ್ಪರಿಗೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಗೊತ್ತಿಲ್ಲ. ಆದರೆ ಆ ನುಡಿಗಟ್ಟನ್ನು ಒಳಗೊಳಗೇ ಕುದಿಯುವ ಸಿಟ್ಟಿಗೂ ಪಕ್ಷಗಳ ಒಳಜಗಳಕ್ಕೂ ಬಳಸಿ ಬಳಸಿ ಸವೆಸಿದ್ದೇವೆ. ಇಲಿಗಳ ಬಂಡಾಯದ ಸುದ್ದಿ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಕೊನೆಗೆ ‘ಟಾರ್ಪರ್’ ಎಂದೇ ಉಳಿಸಿಕೊಂಡೆ. ಬಸ್ಸಿಗೆ ಜಾಗ ಕೊಟ್ಟ ಭಾಷೆ ಇದಕ್ಕೂ ಕೊಡುತ್ತದೆ.

ಪ್ರಕರಣ 2007ರಲ್ಲಿ ಮುಗಿಯಲಿಲ್ಲ. ಹ್ಯೂಸ್ಟನ್ ತಂಡ ಎಎಂಪಿಯ ಮೇಲಿನ ಕೆಲಸವನ್ನು ಮುಂದುವರಿಸಿತು. 2010ರಲ್ಲಿ ಅದೇ ತಂಡದಿಂದ, ಕೆಂಪು ರಕ್ತಕಣಗಳ ಪಾತ್ರದ ಬಗ್ಗೆ ಬಂದ ಪ್ರಬಂಧದ ಶೀರ್ಷಿಕೆಯಲ್ಲಿ ಟಾರ್ಪರ್ ಎಂಬ ಪದವಿಲ್ಲ, ‘ಹೈಪೊಮೆಟಬಾಲಿಸಂ’ ಎಂದಿದೆ. ತಗ್ಗಿದ ಚಯಾಪಚಯ. ಯಾರು ತಗ್ಗಿಸಿದರು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ತಗ್ಗಿದೆ ಎಂಬುದನ್ನಷ್ಟೇ ಹೇಳುವ ಪದ. ಇದು ಸೋಲೊಪ್ಪಿಗೆಯೋ ಬರಿಯ ಜಾಣತನವೋ ನಾನು ಹೇಳಲಾರೆ. ಹೆಚ್ಚು ನಿಖರವಾದ ಪದ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇನ್ನೊಂದು ತಿರುವು ಸ್ವೋಪ್ ಅವರ ಕಡೆಯಿಂದಲೇ ಬಂತು. 2012ರಲ್ಲಿ ಅವರ ಪ್ರಯೋಗಾಲಯ ಪ್ರಕಟಿಸಿದ ಪ್ರಬಂಧದ ಪ್ರಕಾರ ಇಲಿಯ ನಿಜವಾದ ಉಪವಾಸದ ಟಾರ್ಪರಿಗೆ ಮಿದುಳಿನೊಳಗಿನ ಅಡೆನೊಸಿನ್ ಗ್ರಾಹಕಗಳು ಬೇಕೇ ಬೇಕು. ಹಿಂದೆ ಹೊರಗಿನವನೆಂದು ಆಚೆ ಕಳಿಸಿದ್ದ ಅಡೆನೊಸಿನ್ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದ ಹಾಗಾಯಿತು. ಇದರಿಂದ 2007ರ ಮಾತು ಸುಳ್ಳಾಗುವುದಿಲ್ಲ. ಇಡೀ ಮೈಗೆ ಎಎಂಪಿ ಸುರಿಯುವುದು ಬೇರೆ, ಮಿದುಳಿನ ನಿರ್ದಿಷ್ಟ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಅಡೆನೊಸಿನ್ ಮಾತಾಡುವುದು ಬೇರೆ. ಆದರೆ ‘ಸಂಬಂಧವಿಲ್ಲ’ ಎಂಬ ಪದವನ್ನು ಈಗ ಬರೆಯುವುದಾದರೆ ಸ್ವೋಪ್ ಅವರೂ ಒಂದು ಕ್ಷಣ ಲೇಖನಿ ತಡೆಯುತ್ತಿದ್ದರೇನೋ ಎಂದು ನನ್ನ ಊಹೆ.

ಹೀಗೆ ಪದಗಳ ಮೇಲೆ ಎಡವಿದ್ದು ಹ್ಯೂಸ್ಟನ್ನಿನವರು ಮಾತ್ರವಲ್ಲ. 2005ರಲ್ಲಿ ಸಿಯಾಟಲ್‌ನ ಮಾರ್ಕ್ ರಾತ್ ಅವರ ತಂಡ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು, ಗಾಳಿಯ ಹತ್ತು ಲಕ್ಷ ಭಾಗಕ್ಕೆ 80 ಭಾಗದಂತೆ ಬೆರೆಸಿ ಇಲಿಗಳಿಗೆ ಉಸಿರಾಡಿಸಿತ್ತು. ಸುತ್ತಲಿನ ಗಾಳಿಯನ್ನು 13 ಡಿಗ್ರಿಗೆ ತಂದಾಗ ಇಲಿಯ ಒಳಮೈ 15 ಡಿಗ್ರಿಗೆ ಇಳಿದಿತ್ತು. ಆರು ಗಂಟೆಗಳ ನಂತರ ಶುದ್ಧ ಗಾಳಿ, ಬೆಚ್ಚಗಿನ ಕೋಣೆ ಕೊಟ್ಟಾಗ ಇಲಿಗಳು ಚೇತರಿಸಿಕೊಂಡವು. ಶೀರ್ಷಿಕೆಗೆ ಅವರು ಆರಿಸಿದ್ದು ಕಾಲ್ಪನಿಕ ಕಥೆಗಳಿಂದ ಬಂದ ಪದ: ಪ್ರಾಣವನ್ನು ತಡೆಹಿಡಿದಂಥ ಸ್ಥಿತಿ. ಲೋಕವೆಲ್ಲ ಸುದ್ದಿಯಾಯಿತು. ಮೂರು ವರ್ಷಗಳ ಬಳಿಕ ಮಂಪರಿನ ಔಷಧಿ ಕೊಟ್ಟಿದ್ದ ಕುರಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಆ ಪರಿಣಾಮ ಕಾಣಲಿಲ್ಲ. ದೊಡ್ಡ ಮುದ್ದೆ ಅಷ್ಟು ಬೇಗ ಆರುವುದಿಲ್ಲ.

2020ರ ಜೂನ್ 11ರಂದು ‘ನೇಚರ್’ ಒಂದೇ ದಿನ ಎರಡು ಪ್ರಬಂಧಗಳನ್ನು ಪ್ರಕಟಿಸಿತು. ಎರಡರಲ್ಲೂ ಇಲಿ, ಎರಡರಲ್ಲೂ ಮಿದುಳಿನ ಹೈಪೊಥಲಾಮಸ್ ಪ್ರದೇಶದ ಕೆಲವು ನರಕೋಶಗಳನ್ನು ಚಾಲೂ ಮಾಡಿ ಮೈಯ ಉಷ್ಣತೆಯನ್ನು ಇಳಿಸಿದ ಕಥೆ. ಹಾರ್ವರ್ಡ್‌ನ ಮೈಕಲ್ ಗ್ರೀನ್‌ಬರ್ಗ್ ತಂಡ ಶೀರ್ಷಿಕೆಯಲ್ಲಿ ‘ಟಾರ್ಪರ್’ ಎಂದಿತು. ಜಪಾನಿನ ಸುಕುಬಾ ವಿಶ್ವವಿದ್ಯಾಲಯದ ತಕೇಶಿ ಸಕುರಾಯಿ ತಂಡ ‘ಹೈಬರ್ನೇಷನ್ನನ್ನು ಹೋಲುವ ಸ್ಥಿತಿ’ ಎಂದಿತು. ಮತ್ತೆ ಅದೇ ಜಗಳ ಎಂದುಕೊಂಡು ನಾನು ಓದಲು ಕುಳಿತೆ. ಅಲ್ಲ. ಈ ಸಲ ಎರಡೂ ತಂಡಗಳು ತಮ್ಮ ಪದಕ್ಕೆ ಜಾಮೀನು ಕೊಟ್ಟಿದ್ದವು.

ಹಾರ್ವರ್ಡ್ ತಂಡ ಹೊರಟದ್ದೇ ಉಪವಾಸದ ಇಲಿಯಿಂದ. ನಿಜವಾದ ಟಾರ್ಪರಿಗೆ ಹೋಗುವಾಗ ಚುರುಕಾಗುವ ನರಕೋಶಗಳನ್ನು ಗುರುತು ಮಾಡಿಟ್ಟುಕೊಂಡು, ಹೊಟ್ಟೆ ತುಂಬಿದ ಇಲಿಯಲ್ಲಿ ಅವನ್ನೇ ಎಚ್ಚರಿಸಿದರು. ಇಲಿ ಟಾರ್ಪರಿಗೆ ಹೋಯಿತು. ಅವನ್ನು ಸುಮ್ಮನಾಗಿಸಿದಾಗ ಉಪವಾಸದ ಇಲಿಯ ಟಾರ್ಪರ್ ಕೆಟ್ಟಿತು. ಇಲಿ ತಾನೇ ಬಳಸುವ ಗುಂಡಿಯನ್ನೇ ಒತ್ತಿದ್ದರಿಂದ ಇಲಿ ಬಳಸುವ ಪದವನ್ನೇ ಬಳಸಿದರು.

ಸುಕುಬಾ ತಂಡದ ಜಾಮೀನು ಇನ್ನೂ ಸೂಕ್ಷ್ಮ. ದೇಹದ ಉಷ್ಣತೆಯ ನಿಯಂತ್ರಣಕ್ಕೆ ಎರಡು ತಿರುಪುಗಳಿವೆ ಎಂದುಕೊಳ್ಳಿ. ಒಂದು ಗುರಿ: ಮೈ ಎಷ್ಟು ಡಿಗ್ರಿ ಇರಬೇಕು ಎಂಬುದು. ಇನ್ನೊಂದು ತವಕ: ಗುರಿಗಿಂತ ಒಂದು ಡಿಗ್ರಿ ಕೆಳಗಿಳಿದರೆ ಎಷ್ಟು ಇಂಧನ ಸುಡಬೇಕು ಎಂಬುದು. ಉಪವಾಸದ ಇಲಿಗಳಲ್ಲಿ ಈ ಎರಡನ್ನೂ ಬೇರ್ಪಡಿಸಿ ಅಳೆದ 2016ರ ಒಂದು ಜಪಾನೀ ಅಧ್ಯಯನದಲ್ಲಿ ತವಕ ಶೇಕಡಾ 91.5ರಷ್ಟು ಕುಗ್ಗಿತ್ತು, ಗುರಿ ಇಳಿದದ್ದು 3.79 ಡಿಗ್ರಿ ಮಾತ್ರ. ಅಂದರೆ ಟಾರ್ಪರಿನಲ್ಲಿರುವ ಇಲಿ ಬೆಚ್ಚಗಿರಬೇಕೆಂಬ ಆಸೆಯನ್ನು ಪೂರ್ತಿ ಬಿಟ್ಟಿಲ್ಲ, ಅದಕ್ಕಾಗಿ ಮೈ ಬಗ್ಗಿಸುವುದನ್ನು ಬಿಟ್ಟಿದೆ. ಹೈಬರ್ನೇಷನ್ನಿಗೆ ಹೋಗುವ ಪ್ರಾಣಿಗಳಲ್ಲಾದರೆ ಎರಡೂ ಆಳಕ್ಕಿಳಿಯುತ್ತವೆ. ಸುಕುಬಾದವರು ಕ್ಯೂ ನರಕೋಶಗಳೆಂದು ಹೆಸರಿಟ್ಟ ಕೋಶಗಳನ್ನು ಚುರುಕುಗೊಳಿಸಿದಾಗ ಇಲಿಯ ಗುರಿಯೇ ಎಂಟೊಂಬತ್ತು ಡಿಗ್ರಿ ಕೆಳಗೆ ಹೋಯಿತು. ಸ್ಥಿತಿ ಗಂಟೆಗಳಲ್ಲಿ ಮುಗಿಯದೆ ಎರಡು ದಿನಗಳಿಗೂ ಮೀರಿ ಉಳಿಯಿತು. ಸುತ್ತಲಿನ ಗಾಳಿಯನ್ನು ಇನ್ನೂ ತಣ್ಣಗೆ ಮಾಡಿದಾಗ ಇಲಿ ಸುಮ್ಮನೆ ತಣ್ಣಗಾಗುತ್ತ ಹೋಗಲಿಲ್ಲ, ಇಂಧನವನ್ನು ಸ್ವಲ್ಪ ಹೆಚ್ಚಿಸಿ ತನ್ನ ಹೊಸ ತಗ್ಗಿದ ಮಟ್ಟವನ್ನು ಕಾಪಾಡಿಕೊಂಡಿತು. ಕಾಪಾಡಿಕೊಂಡಿತು. ಇಲ್ಲಿ ‘ಕೊಳ್ಳು’ ಸಲ್ಲುತ್ತದೆ. ಹೆಗ್ಗಣದ ಜಾತಿಯ ರ‍್ಯಾಟ್ ಎಂಬ ಪ್ರಾಣಿ ಉಪವಾಸ ಕೆಡವಿದರೂ ಟಾರ್ಪರಿಗೆ ಹೋಗುವುದಿಲ್ಲ, ಅದರಲ್ಲೂ ಈ ನರಕೋಶಗಳು ಅಂಥದೇ ಸ್ಥಿತಿಯನ್ನು ತಂದವು.

ಹಾಗಿದ್ದರೂ ಅವರು ‘ಹೈಬರ್ನೇಷನ್’ ಎಂದು ಬರೆಯಲಿಲ್ಲ, ‘ಹೋಲುವ’ ಎಂಬ ಪದವನ್ನು ಬಿಡಲಿಲ್ಲ. ಗುಂಡಿ ಒತ್ತಿದ್ದು ಮನುಷ್ಯ. ಇಲಿಗೆ ಅಲ್ಲಿ ಚಳಿಗಾಲವೂ ಇರಲಿಲ್ಲ, ಬರಗಾಲವೂ ಇರಲಿಲ್ಲ. ಕನ್ನಡದ ಸುದ್ದಿಮನೆಯಲ್ಲಿ ಶೀರ್ಷಿಕೆಗೆ ಜಾಗ ಸಾಲದಾಗ ಮೊದಲು ಕತ್ತರಿಗೆ ಸಿಗುವುದು ಇಂಥ ಪದವೇ: ‘ಹೋಲುವ’, ‘ತರಹದ’, ‘ಸದೃಶ’. ನಾಲ್ಕಕ್ಷರ ಉಳಿಯುತ್ತದೆ, ಪ್ರಬಂಧ ಕಳೆದುಹೋಗುತ್ತದೆ.

ನನ್ನ ಬರಹ ಕೊನೆಗೆ ಅಚ್ಚಾದದ್ದು ‘25 ಡಿಗ್ರಿಗೆ ಇಳಿದ ಎರಡು ಇಲಿಗಳು’ ಎಂಬ ಶೀರ್ಷಿಕೆಯಲ್ಲಿ. ನಿದ್ರೆ ಇಲ್ಲ, ಶಿಶಿರ ಇಲ್ಲ. ಒಳಗಿನ ಚಿತ್ರದ ಕೆಳಗೆ ನಾನು ಬರೆದುಕೊಟ್ಟ ಸಾಲು ಹೀಗಿತ್ತು: ‘ಎಡಗಡೆಯ ಇಲಿ ಉಪವಾಸದಲ್ಲಿ ತನ್ನ ಉಷ್ಣತೆಯನ್ನು ಇಳಿಸಿಕೊಂಡಿದೆ, ಬಲಗಡೆಯ ಇಲಿಯ ಉಷ್ಣತೆಯನ್ನು ಎಎಂಪಿ ಇಳಿಸಿದೆ.’ ಪುಟ ಕಟ್ಟುವ ಹುಡುಗ ಫೋನ್ ಮಾಡಿ, “ಸರ್, ಎರಡು ಸಲ ಇಳಿಸು ಎಂದು ಬಂದಿದೆ, ಒಂದನ್ನು ತೆಗೆಯಲೇ?” ಎಂದು ಕೇಳಿದ. ಬೇಡಪ್ಪ, ಎರಡೂ ಇರಲಿ, ಆದರೆ ಮೊದಲನೆಯದರ ‘ಕೊಂಡಿದೆ’ ಮುಂದಿನ ಸಾಲಿಗೆ ಒಡೆದು ಹೋಗದ ಹಾಗೆ ನೋಡಿಕೋ ಎಂದೆ.